ಗಡಗಡ ಓದುತ್ತಾನೆ, ಅರ್ಥ ಮಾತ್ರ ಆಗಲ್ಲ

ಈ ಹುಡುಗನನ್ನು ಚೇತು ಅಂತ ಕರೆಯೋಣ. ಹೆಸರು, ಗುರುತು ಎಲ್ಲ ಬದಲಿಸಿದ್ದೇನೆ. ಕಡೂರು ಕಡೆಯವನು, ಏಳನೇ ಕ್ಲಾಸು. ಐದರವರೆಗೆ ಕನ್ನಡ ಮಾಧ್ಯಮ, ಆರಕ್ಕೆ ಇಂಗ್ಲಿಷ್ ಮೀಡಿಯಂ. "ಮೇಡಂ, ಗಡಗಡ ಅಂತ ಓದ್ತಾನೆ, ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದ್ರೆ ಬಾಯೇ ಬಿಡಲ್ಲ. ಬರೀ ಸೋಮಾರಿತನ" ಅಂತ ಅವನಮ್ಮ ಅವನೆದುರೇ ಹೇಳಿದರು. ಅವನು ಬ್ಯಾಗಿನ ಜಿಪ್ಪು ಎಳೆಯುತ್ತಾ ಕೂತಿದ್ದ.

ಸಮಾಜ ವಿಜ್ಞಾನದ ಪುಸ್ತಕ ತೆಗೆಸಿದೆ. ಪುಟದ ತುಂಬಾ ಪೆನ್ಸಿಲ್ ಗುರುತು. ಒಂದನೇ ಪ್ರಶ್ನೆಗೆ ಇಲ್ಲಿಂದ ಇಲ್ಲಿವರೆಗೆ, ಎರಡನೇದಕ್ಕೆ ಇಲ್ಲಿಂದ ಇಲ್ಲಿವರೆಗೆ. ಅವನು ಕಲಿತಿದ್ದು ಅಷ್ಟೇ: ಪ್ರಶ್ನೆಯಲ್ಲಿರುವ ಪದ ಪಾಠದಲ್ಲಿ ಎಲ್ಲಿದೆ ಅಂತ ಹುಡುಕಿ ಆ ಸಾಲು ಬರೆಯೋದು.

ಅಮ್ಮನಿಗೆ ಅರ್ಥವೇ ಇಲ್ಲದ ಪದಗಳ ಒಂದು ಸಾಲು ಬರೆದು ಕೊಟ್ಟೆ. 'ಗಿಬ್ಬಲು ಮೊರಟಿನಲ್ಲಿ ಲೊಟ್ಟಿತು.' ಎಲ್ಲಿ ಲೊಟ್ಟಿತು? "ಮೊರಟಿನಲ್ಲಿ" ಅಂದರು. ಸರಿ ಉತ್ತರ, ಪೂರ್ತಿ ಅಂಕ. ಹಾಗಾದ್ರೆ ಏನು ನಡೀತು ಅಂತ ಹೇಳಿ ಅಂದೆ. ಸುಮ್ಮನಾದರು. ಆಮೇಲೆ ಮಗನ ಕಡೆ ನೋಡಿದರು.

ಕನ್ನಡದ ಒಂದು ಪುಟದ ಕಥೆ ಕೊಟ್ಟೆ. ಒತ್ತಕ್ಷರ ಎಲ್ಲೂ ಎಡವದೆ ಓದಿದ, ಕಥೆಯನ್ನೂ ಚೆನ್ನಾಗಿ ಹೇಳಿದ. ಆಮೇಲೆ ಇಂಗ್ಲಿಷ್ ಪಾಠದ ಒಂದು ಪ್ಯಾರಾವನ್ನು ನಾನೇ ಜೋರಾಗಿ ಓದಿದೆ. ಕೇಳಿದರೂ ಗೊತ್ತಾಗಲಿಲ್ಲ. ಅಂದರೆ ತೊಂದರೆ ಅಕ್ಷರದ್ದಲ್ಲ, ಭಾಷೆಯದ್ದು. ಗಫ್ ಮತ್ತು ಟನ್ಮರ್ ಅನ್ನುವ ಸಂಶೋಧಕರು 1986ರಲ್ಲೇ ಇದನ್ನು ಗುಣಾಕಾರದ ಹಾಗೆ ಬಿಡಿಸಿ ಹೇಳಿದ್ದರು: ಅಕ್ಷರ ಬಿಡಿಸುವ ಶಕ್ತಿ ಗುಣಿಸು ಭಾಷೆ ತಿಳಿಯುವ ಶಕ್ತಿ. ಎರಡರಲ್ಲಿ ಒಂದು ಸೊನ್ನೆಯಾದರೂ ಓದಿದ್ದು ಸೊನ್ನೆಯೇ. ಕನ್ನಡದಲ್ಲೂ ಅಕ್ಷರ ತಪ್ಪಿಸಿ, ಸಾಲು ಬಿಟ್ಟು ಓದಿದ್ದರೆ ಕಲಿಕಾ ನ್ಯೂನತೆ ಪರೀಕ್ಷೆಗೆ ಕಳಿಸುತ್ತಿದ್ದೆ. ಇವನಿಗೆ ಅದು ಬೇಕಿರಲಿಲ್ಲ.

ಅವತ್ತಿನ ಪಾಠ 'ರೈನ್ ಶಾಡೋ'. ಪುಸ್ತಕ ಮುಚ್ಚಿಸಿ, ಮೂಡಿಗೆರೆ ಕಡೆ ನಿಮ್ಮಜ್ಜಿ ಮನೇಲಿ ಮಳೆ ಹೇಗಪ್ಪಾ ಅಂತ ಕೇಳಿದೆ. ಅಬ್ಬಾ, ಆ ಹುಡುಗ ಮಾತಾಡಿದ್ದು ನೋಡಬೇಕಿತ್ತು! ವಾರಗಟ್ಟಲೆ ಬಟ್ಟೆ ಒಣಗಲ್ಲ, ಜಿಗಣೆ ಕಚ್ಚುತ್ತೆ, ನಮ್ಮೂರಲ್ಲಿ ಮಾತ್ರ ಮೋಡ ಬರುತ್ತೆ ಮಳೆ ಬರಲ್ಲ. ಮೋಡ ಘಟ್ಟ ಹತ್ತುವಾಗಲೇ ಮಳೆ ಸುರಿಸಿಬಿಡುತ್ತೆ, ಈ ಕಡೆ ಇಳಿಯುವಾಗ ನೀರೇ ಜಾಸ್ತಿ ಉಳಿದಿರಲ್ಲ, ಅದಕ್ಕೇ ನಿಮ್ಮೂರು ಮಳೆ ನೆರಳಲ್ಲಿದೆ ಅಂದೆ. "ಲೀವರ್ಡ್ ಸೈಡ್ ಅಂದ್ರೆ ನಮ್ಮೂರಾ ಮೇಡಂ?" ಅಂದ. ಗಾಳಿಗೆ ಮರೆಯಾದ ಕಡೆಗೆ ಅವನ ಪುಸ್ತಕದಲ್ಲಿದ್ದ ಪದ ಅದು.

ಅಮ್ಮನಿಗೆ ಹೇಳಿದ್ದು ಇಷ್ಟು. ಪಾಠ ತೆಗೆಯುವ ಮೊದಲು ಹತ್ತು ನಿಮಿಷ ಅದರ ವಿಷಯ ಕನ್ನಡದಲ್ಲಿ ಮಾತಾಡಿ, ನಿಮಗೆ ಇಂಗ್ಲಿಷ್ ಬರದಿದ್ದರೂ ಪರವಾಗಿಲ್ಲ, ಮಳೆ ಬೆಳೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. ದಿನಕ್ಕೆ ನಾಲ್ಕೇ ಹೊಸ ಪದ ಸಾಕು. ಒಂದು ಪ್ಯಾರಾ ಓದಿ ನಿಲ್ಲಿಸಲಿ, ಪುಸ್ತಕ ಮುಚ್ಚಿ ತನ್ನ ಮಾತಲ್ಲಿ ಹೇಳಲಿ. ಆಮೇಲೆ ಅವನೇ ಮೇಷ್ಟ್ರು, ನಿಮಗೆ ಪ್ರಶ್ನೆ ಕೇಳಲಿ. ಪ್ರಶ್ನೆ ಹುಟ್ಟಬೇಕಾದರೆ ಅರ್ಥ ಆಗಿರಲೇಬೇಕು, ಅಲ್ವಾ? ಮತ್ತೆ, ದಯವಿಟ್ಟು ಸೋಮಾರಿ ಅನ್ನಬೇಡಿ. ಅರ್ಥವಾಗದ ಪುಟಗಳನ್ನು ಎರಡು ವರ್ಷ ಬಾಯಿಪಾಠ ಮಾಡಿದ ಮಗು ಅದು.

ಎರಡು ತಿಂಗಳ ನಂತರ ಬಂದರು. ಅಂಕ 25ಕ್ಕೆ 11 ಇದ್ದದ್ದು 13 ಆಗಿತ್ತು, ಅಷ್ಟೇ. ಆದರೆ ಒಂದು ಉತ್ತರವನ್ನು ಚೇತು ಸ್ವಂತ ಇಂಗ್ಲಿಷಿನಲ್ಲಿ ಬರೆದಿದ್ದ. ಸ್ಪೆಲಿಂಗ್ ತಪ್ಪು, ವಿಷಯ ಸರಿ. ನೋಟ್ಸಿನಲ್ಲಿ ಇದ್ದ ಹಾಗೆ ಇಲ್ಲ ಅಂತ ಸೊನ್ನೆ ಸಿಕ್ಕಿತ್ತು. ಆ ಹಾಳೆಯನ್ನು ನಾನು ಇಟ್ಟುಕೊಂಡಿದ್ದೇನೆ. ಶನಿವಾರ ಅವನ ಟೀಚರ್ ಜೊತೆ ಕೂತು ಮಾತಾಡಬೇಕು.