ಸಿಮೆಂಟ್ ಸುಟ್ಟ ಗಾಯ: ಕತ್ತರಿಸದೇ ಆಳ ಗೊತ್ತಾಗುತ್ತಾ?

ಹಾಸನದ ಕಡೆಯಿಂದ ಬಿ.ಕಾಂ ಓದ್ತಿರೋ ಹುಡುಗಿಯೊಬ್ರು ಪತ್ರ ಬರೆದಿದ್ದಾರೆ. ಅವರಪ್ಪ ಗಾರೆ ಮೇಸ್ತ್ರಿ. ಮಧ್ಯಾಹ್ನ ಪೂರ್ತಿ ಹಸಿ ಕಾಂಕ್ರೀಟ್ ಮೇಲೆ ಮಂಡಿಯೂರಿ ನೆಲ ಲೆವೆಲ್ ಮಾಡಿದ್ರಂತೆ, ಪ್ಯಾಂಟು ನೆಂದಿತ್ತಂತೆ, ಉರಿಗಿರಿ ಏನೂ ಇರ್ಲಿಲ್ಲ, ರಾತ್ರಿ ಸ್ನಾನಕ್ಕೆ ಹೋದಾಗ ನೋಡಿದ್ರೆ ಎರಡೂ ಮಂಡಿ ಬಣ್ಣ ತಿರುಗಿದೆ. ಮಾರನೇ ದಿನ ಕ್ಲಿನಿಕ್‌ನಲ್ಲಿ 'ಮೇಲ್ಮೇಲೆ ಸುಟ್ಟಿದೆ, ಎರಡು ವಾರದಲ್ಲಿ ವಾಸಿ' ಅಂದ್ರು. ಆರನೇ ದಿನ ಬೇರೆ ಆಸ್ಪತ್ರೆಯಲ್ಲಿ 'ಆಳ ಹೋಗಿದೆ, ತೊಡೆ ಚರ್ಮ ತೆಗೆದು ಹಾಕ್ಬೇಕು' ಅಂದ್ರು. ಅವರು ಕೇಳ್ತಿರೋದು ಎರಡೇ: ಇಬ್ರಲ್ಲಿ ಯಾರು ಸುಳ್ಳು ಹೇಳಿದ್ದು? ಚರ್ಮ ಕತ್ತರಿಸಿ ಟೆಸ್ಟಿಗೆ ಕಳಿಸದೇ ಆಳ ಹೇಳೋ ಮಿಷಿನ್ ಇಲ್ವಾ?

ನೋಡಿ ತಂಗಿ, ನಾನು ಡಾಕ್ಟ್ರಲ್ಲ, ನಿಮ್ಮಪ್ಪನ ಮಂಡಿ ಬಗ್ಗೆ ತೀರ್ಪು ಕೊಡೋಕೆ ಬರಲ್ಲ. ಆದ್ರೆ ಇಬ್ರೂ ಸುಳ್ಳು ಹೇಳಿಲ್ಲದೇ ಇರಬಹುದು, ಅದು ಹೇಗೆ ಅಂತ ಹೇಳ್ತೀನಿ.

ಪಿಎಚ್ ಅಂದ್ರೆ ಒಂದು ವಸ್ತು ಎಷ್ಟು ಆಸಿಡ್ಡು, ಎಷ್ಟು ಕ್ಷಾರ ಅಂತ ಅಳೆಯೋ ಅಂಕಿ. ನಮ್ಮ ಚರ್ಮದ ಪಿಎಚ್ ಸುಮಾರು 5, ಹಸಿ ಸಿಮೆಂಟಿಂದು 12ರಿಂದ 13. ಏಳೆಂಟು ಅಂಕಿ ವ್ಯತ್ಯಾಸ ತಾನೇ ಅನ್ಕೋಬೇಡಿ, ಪಿಎಚ್‌ನಲ್ಲಿ ಒಂದೊಂದು ಅಂಕಿಗೂ ಹತ್ತು ಪಟ್ಟು, ಹಾಗೆ ಏಳು ಸಲ ಹತ್ತರಿಂದ ಗುಣಿಸಿದ್ರೆ ಒಂದು ಕೋಟಿ ಪಟ್ಟು ಆಗುತ್ತೆ. ಆಸಿಡ್ ಬಿದ್ರೆ ಸಾಮಾನ್ಯವಾಗಿ ಮೇಲೆ ಗಟ್ಟಿ ಹಕ್ಕಳೆ ಕಟ್ಟಿ ಅದೇ ಸ್ವಲ್ಪ ಅಡ್ಡ ನಿಲ್ಲುತ್ತೆ, ಸಿಮೆಂಟಿನ ಸುಣ್ಣದಂಶ ಹಾಗಲ್ಲ, ಚರ್ಮದ ಕೊಬ್ಬನ್ನ ಸೋಪಿನ ಥರ ಮಾಡ್ಕೊಂಡು ಕೆಳಗಿಳೀತಾನೇ ಇರುತ್ತೆ, ಅದೂ ಗಂಟೆಗಟ್ಟಲೆ, ಮೊದಮೊದಲು ನೋವೇ ಇಲ್ದೆ. ನಾನೇ ಒಂದ್ಸಲ ಮನೆ ನೀರಿನ ಸಂಪ್‌ಗೆ ಪ್ಯಾಚ್ ಹಾಕೋಕೆ ಹೋಗಿ ಬರಿಗೈಲಿ ಸಿಮೆಂಟ್ ಕಲಸಿದ್ದೆ, ಕೈ ಸೋಪು ಹಚ್ಚಿದಂಗೆ ಜಾರ್ತಿತ್ತು, ರಾತ್ರಿ ಊಟಕ್ಕೆ ಕೂತು ಸಾರು ತಾಗಿದಾಗಲೇ ಬೆರಳ ತುದಿ ಚರ್ಮ ಹೋಗಿರೋದು ಗೊತ್ತಾಗಿದ್ದು!

ಇನ್ನೊಂದು ವಿಷಯ. ಇಂಗ್ಲೆಂಡಿನ ಜ್ಯಾಕ್ಸನ್ ಅನ್ನೋ ಸರ್ಜನ್ 1953ರಲ್ಲೇ ಬರೆದಿದ್ರು, ಸುಟ್ಟ ಗಾಯದಲ್ಲಿ ಮೂರು ವಲಯ ಇರುತ್ತೆ ಅಂತ. ನಡುವೆ ಸತ್ತೇ ಹೋಗಿರೋದು, ಹೊರಗೆ ಬರೀ ಕೆಂಪಾಗಿ ತಾನೇ ವಾಸಿ ಆಗೋದು, ಇವೆರಡರ ಮಧ್ಯೆ ರಕ್ತ ಓಡಾಟ ನಿಧಾನ ಆಗಿರೋ ಒಂದು ಪಟ್ಟಿ. ಈ ಮಧ್ಯದ್ದು ಮೊದಲೆರಡು ಮೂರು ದಿನ ಆ ಕಡೆನೂ ಇಲ್ಲ ಈ ಕಡೆನೂ ಇಲ್ಲ, ಬದುಕಿದ್ರೂ ಬದುಕ್ತು, ಸತ್ರೂ ಸತ್ತು. ಮಾರನೇ ದಿನವೇ ನೋಡಿದ ಡಾಕ್ಟ್ರಿಗೆ ಇದು ಯಾವ ಕಡೆ ವಾಲುತ್ತೆ ಅಂತ ಹೇಗೆ ಗೊತ್ತಾಗ್ಬೇಕು? ಎರಡು ವಾರ ಅಂತ ಗ್ಯಾರಂಟಿ ಕೊಟ್ಟಿದ್ದು ಮಾತ್ರ ತಪ್ಪು, 'ನಾಳಿದ್ದು ಮತ್ತೆ ಬನ್ನಿ, ಬಿಚ್ಚಿ ನೋಡೋಣ' ಅನ್ಬೇಕಿತ್ತು.

ಈಗ ಮಿಷಿನ್ ವಿಷಯ. ಇದೆ. ಲೇಸರ್ ಡಾಪ್ಲರ್ ಅಂತ. ದೂರದಿಂದಲೇ ಗಾಯದ ಮೇಲೆ ಸಣ್ಣ ಲೇಸರ್ ಬೆಳಕು ಆಡಿಸ್ತಾರೆ, ಒಳಗೆ ಓಡ್ತಿರೋ ರಕ್ತಕಣಕ್ಕೆ ಬಡಿದು ವಾಪಸ್ ಬರೋ ಬೆಳಕಿನ ಫ್ರೀಕ್ವೆನ್ಸಿ ಚೂರು ಬದಲಾಗಿರುತ್ತೆ, ರೈಲು ನಮ್ಮನ್ನ ದಾಟಿ ಹೋಗೋವಾಗ ಹಾರನ್ ಸದ್ದು ಇಳಿಯುತ್ತಲ್ಲ ಹಾಗೆ. ಅದನ್ನ ಲೆಕ್ಕ ಹಾಕಿ ಕಂಪ್ಯೂಟರ್ ಬಣ್ಣದ ನಕ್ಷೆ ಕೊಡುತ್ತೆ, ರಕ್ತ ಚೆನ್ನಾಗಿ ಓಡ್ತಿರೋ ಕಡೆ ಕೆಂಪು, ಓಡದೇ ಇರೋ ಕಡೆ ನೀಲಿ. ಮುಟ್ಟೋದೂ ಇಲ್ಲ, ಕತ್ತರಿಸೋದೂ ಇಲ್ಲ. ಅನುಭವಸ್ಥ ಸರ್ಜನ್ ಬರೀ ಕಣ್ಣಲ್ಲಿ ನೋಡಿ ಆಳ ಹೇಳಿದ್ರೆ ನೂರಕ್ಕೆ 60ರಿಂದ 75 ಸಲ ಸರಿ ಹೋಗುತ್ತೆ ಅಂತಾರೆ, ಇದು ಸೇರಿದ್ರೆ 90 ದಾಟುತ್ತೆ. ಯಾವ ಚಿಕಿತ್ಸೆ, ಯಾವ ಉಪಕರಣ ಬಳಸಬಹುದು ಅಂತ ಪರಿಶೀಲಿಸಿ ಸಲಹೆ ಕೊಡೋ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2011ರಲ್ಲೇ ಇದಕ್ಕೆ ಶಿಫಾರಸು ಕೊಟ್ಟಿದೆ. ಆದ್ರೆ ಇದೂ ಮೊದಲ ದಿನ ಕೆಲಸಕ್ಕೆ ಬರಲ್ಲ! ಗಾಯ ಆಗಿ 48 ಗಂಟೆ ಕಳೆದ ಮೇಲೆ, ಐದು ದಿನದ ಒಳಗೆ ಮಾಡಿದ್ರೇನೇ ಸರಿಯಾದ ಉತ್ತರ. ಜೊತೆಗೆ ಆ ಜಾಗದಲ್ಲಿ ಹಚ್ಚೆ ಇದ್ರೆ, ಸೋಂಕಾಗಿದ್ರೆ ಲೆಕ್ಕ ತಪ್ಪಬಹುದು. ರೇಟೂ ದುಬಾರಿ, ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುತ್ತೆ ಅಂತ ಕಾಯ್ಬೇಡಿ.

ನಿಮ್ಮಪ್ಪನಿಗೆ ಆರನೇ ದಿನ ಅಂದ್ರಲ್ಲ, ಆ ಹೊತ್ತಿಗೆ ಗಾಯವೇ ತನ್ನ ಆಳ ತೋರಿಸಿರುತ್ತೆ. ಎರಡನೇ ಡಾಕ್ಟ್ರ ಹತ್ರ ಇದ್ದ ಮಿಷಿನ್ ಅಂದ್ರೆ ಆ ಐದು ದಿನಾನೇ. ಅವ್ರು ಬೆರಳಲ್ಲಿ ಒತ್ತಿ ಬಿಟ್ಟು ನೋಡಿರ್ತಾರೆ, ಒತ್ತಿದ ಜಾಗ ಬೆಳ್ಳಗಾಗಿ ಬೇಗ ಬಣ್ಣ ತುಂಬಿದ್ರೆ ಕೆಳಗೆ ರಕ್ತ ಇದೆ, ತುಂಬದೇ ಹಾಗೇ ಇದ್ರೆ ಆಳ. ಮುಟ್ಟಿದ್ರೆ ಚುರ್ ಅಂದ್ರೆ ಒಳ್ಳೇದು, ನೋವೇ ಇಲ್ಲ ಅಂದ್ರೆ ನರನೂ ಹೋಗಿದೆ ಅಂತ. ಎಷ್ಟೋ ಮನೇಲಿ 'ನೋವಿಲ್ಲ, ವಾಸಿ ಆಗ್ತಿದೆ' ಅಂತ ಖುಷಿ ಪಡ್ತಾರೆ, ಲೆಕ್ಕ ಉಲ್ಟಾ. ಮತ್ತೆ ಪುಸ್ತಕದಲ್ಲಿರೋ ಫೋಟೋ ಜಾಸ್ತಿ ಬಿಳಿಯರದ್ದು, ಅದರಲ್ಲಿ ಕೆಂಪು ಎದ್ದು ಕಾಣುತ್ತೆ, ಬಿಸಿಲಲ್ಲಿ ದುಡಿದ ನಮ್ಮವರ ಮಂಡಿ ಮೇಲೆ ಅದೇ ಕೆಂಪು ಕಂದಾಗೋ ನೇರಳೆ ಥರನೋ ಕಾಣುತ್ತೆ, ಅಲ್ಲೂ ಅಂದಾಜು ತಪ್ಪೋ ಸಾಧ್ಯತೆ ಇದೆ.

ಚರ್ಮ ಕತ್ತರಿಸಿ ಟೆಸ್ಟ್ ಮಾಡೋದಕ್ಕೆ ಅಪ್ಪ ಹೆದರಿದ್ದಾರೆ ಅಂದ್ರಿ. ಆಳ ತಿಳಿಯೋಕೆ ಅಂತ ಅದನ್ನ ಮಾಡೋದು ಬಹಳ ಅಪರೂಪ, ಯಾಕಂದ್ರೆ ತುಂಡು ತೆಗೆದ ಜಾಗದ ಆಳ ಮಾತ್ರ ಗೊತ್ತಾಗುತ್ತೆ, ಪಕ್ಕದ ಒಂದಿಂಚಿಂದು ಬೇರೆನೇ ಇರಬಹುದು. ತೊಡೆ ಚರ್ಮ ತೆಗೆಯೋದು ಟೆಸ್ಟ್ ಅಲ್ಲ, ಚಿಕಿತ್ಸೆ. ಅವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಿ. ಮೂರು ವಾರ ದಾಟಿದ್ರೂ ಮುಚ್ಚದ ಗಾಯ ದಪ್ಪ ಕಲೆಯಾಗಿ ಎಳ್ಕೊಳ್ಳೋ ಸಾಧ್ಯತೆ ಜಾಸ್ತಿ, ಮಂಡಿ ಮಡಚೋಕೆ ಆಗದೇ ಇದ್ರೆ ಗಾರೆ ಕೆಲಸ ಹೇಗೆ ಮಾಡ್ತಾರೆ?

ನೀವು ಕಳಿಸಿದ ಎರಡನೇ ದಿನದ ಫೋಟೋ ನೋಡಿದೆ. ಮಂಡಿ ಕಾಣ್ಲಿಲ್ಲ, ಅರಿಶಿನ ಮತ್ತೆ ಟೂತ್‌ಪೇಸ್ಟ್ ಕಾಣ್ತು. ಮೆತ್ತಿದ್ದನ್ನ ತೊಳೆದು ತೆಗೆಯೋವರೆಗೂ ಡಾಕ್ಟ್ರ ಕಣ್ಣಿಗೂ ಏನೂ ಕಾಣಲ್ಲ, ಲೇಸರಿಗೂ ಕಾಣಲ್ಲ. ಇನ್ಮೇಲೆ ಡ್ರೆಸ್ಸಿಂಗ್ ಬಿಚ್ಚಿದಾಗೆಲ್ಲ ಒಂದೇ ಜಾಗದಲ್ಲಿ, ಕಿಟಕಿ ಬೆಳಕಲ್ಲಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫ್ಲ್ಯಾಶ್ ಇಲ್ದೆ ಫೋಟೋ ತೆಗೀರಿ, ಬ್ಯೂಟಿ ಮೋಡ್ ಆಫ್ ಮಾಡಿ.

ಇನ್ನೊಬ್ರ ಅಭಿಪ್ರಾಯ ಬೇಕಂದ್ರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟ ಗಾಯಕ್ಕೇ ಬೇರೆ ವಾರ್ಡಿದೆ. ಹೋಗೋದಾದ್ರೆ ಈ ವಾರವೇ ಹೋಗಿ, ಬೆಳಗ್ಗೆ ಡ್ರೆಸ್ಸಿಂಗ್ ಬಿಚ್ಚೋ ಹೊತ್ತಿಗೇ ಹೋಗಿ, ಕಟ್ಟಿದ ಮೇಲೆ ಹೋದ್ರೆ ಅವರೂ ಬ್ಯಾಂಡೇಜ್ ನೋಡಿ ಕಳಿಸ್ತಾರೆ ಅಷ್ಟೆ.