ಗೋಡಂಬಿ ಮರದ ಚಗಳಿ ಇರುವೆಯನ್ನು ಸಾಯಿಸಬೇಕಾ?

ಚಗಳಿ ಗೂಡು ಕಂಡರೆ ಮದ್ದು ಹೊಡೆಯಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಈ ಕೆಂಪಿರುವೆ ಮರವಿಡೀ ಓಡಾಡಿ ಹುಳುಗಳನ್ನು ಬೇಟೆಯಾಡುತ್ತದೆ, ಗೋಡಂಬಿಯ ಚಿಗುರು, ಹೂವಿನ ರಸ ಹೀರಿ ಒಣಗಿಸುವ ಟೀ ಸೊಳ್ಳೆ (ಹೆಸರಿಗೆ ಸೊಳ್ಳೆ, ನಿಜಕ್ಕೂ ಗಿಡದ ರಸ ಹೀರುವ ಕೀಟ) ಕಾಟ ಕೂಡ ಚಗಳಿ ಜಾಸ್ತಿ ಇರುವ ಮರದಲ್ಲಿ ಕಡಿಮೆ. ಚೀನಾದ ಕಿತ್ತಳೆ ಬೆಳೆಗಾರರು ಸಾವಿರ ವರ್ಷಕ್ಕೂ ಹಿಂದೆಯೇ ಇದರ ಗೂಡನ್ನು ದುಡ್ಡು ಕೊಟ್ಟು ತಂದು ಮರಕ್ಕೆ ಕಟ್ಟುತ್ತಿದ್ದರು!

ತೊಂದರೆಯೇ ಇಲ್ಲ ಅಂತಲ್ಲ. ಗಿಡದ ರಸ ಹೀರುವ ಬಿಳಿ ಹಿಟ್ಟು ತಿಗಣೆ ಸ್ರವಿಸುವ ಸಿಹಿ ಅಂಟಿನ ಆಸೆಗೆ ಚಗಳಿ ಅದನ್ನು ಕಾಪಾಡುತ್ತದೆ, ಕೊಯ್ಲಿಗೆ ಹತ್ತಿದವರನ್ನು ಚೆನ್ನಾಗಿಯೇ ಕಚ್ಚುತ್ತದೆ. ತಿಗಣೆ ತುಂಬಿದ ಕೊಂಬೆಯನ್ನಷ್ಟೇ ಕತ್ತರಿಸಿ ಸಾಕು.

ಅಡುಗೆಮನೆಯ ಸಣ್ಣ ಇರುವೆ ವಿಷಯ ಬೇರೆ. ಸಕ್ಕರೆ ಡಬ್ಬಿ ಭದ್ರವಾಗಿ ಮುಚ್ಚಿ, ಸಾಲು ಬರುವ ದಾರಿಯನ್ನು ಸೋಪು ನೀರಿನಲ್ಲಿ ಒರೆಸಿ.