ಚೀನಾದಿಂದ ತಂದ ಮದ್ದು: ಫಸ್ಟ್ ಏಡ್ ಡಬ್ಬಿಗೆ ಯಾವುದು, ಯಾವುದು ಬೇಡ

ಅಕ್ಕಾ, ಯಜಮಾನ್ರು ಕುನ್ಮಿಂಗ್‌ನಿಂದ ಒಂದು ಚೀಲ ಮದ್ದು ತಂದಿದ್ದಾರೆ, ಮನೆಯಲ್ಲಿ ಎರಡು ವರ್ಷದ ಮಗು ಇದೆ, ಇದರಲ್ಲಿ ಫಸ್ಟ್ ಏಡ್ ಡಬ್ಬಿಗೆ ಯಾವುದು ಇಡಲಿ ಅಂತ ಕೇಳಿದ್ದೀರಿ. ನಾನಿರೋದು ಸಿಂಗಪುರದಲ್ಲಿ, ಇಲ್ಲಿ ಅಕ್ಕಪಕ್ಕದ ಮನೆಗಳಲ್ಲೂ ಇವೇ ಇರುತ್ತವೆ. ನನ್ನ ಲೆಕ್ಕ ಇಷ್ಟೇ: ಹಚ್ಚೋದು ಡಬ್ಬಿಯಲ್ಲಿರಲಿ, ನುಂಗೋದು ಬೇಡ.

ಮೊದಲು ಯುನ್ನಾನ್ ಬೈಯಾವ್. 1902ರಲ್ಲಿ ಚು ಹ್ವಾನ್‌ಝಾಂಗ್ ಎಂಬ, ಚೀನಾದ ಯುನ್ನಾನ್ ಪ್ರಾಂತ್ಯದ ವೈದ್ಯರು ಮಾಡಿದ ಪುಡಿ. ರಕ್ತ ನಿಲ್ಲಿಸುತ್ತದೆ ಅಂತ ಹೆಸರುವಾಸಿ. ಇದರ ಪೂರ್ತಿ ಪಾಕ ಇವತ್ತಿಗೂ ಚೀನಾ ಸರ್ಕಾರದ ಗುಟ್ಟು. ಪುಟ್ಟ ಬಾಟಲಿಯ ಮುಚ್ಚಳ ತೆಗೆದು ನೋಡಿ, ಹತ್ತಿಯ ಜೊತೆ ಒಂದೇ ಒಂದು ಕೆಂಪು ಗುಳಿಗೆ ಇರುತ್ತದೆ. ಕ್ಯಾಪ್ಸೂಲ್ ಆದರೆ ಸ್ಟ್ರಿಪ್‌ನ ನಡುವೆ ಇರುತ್ತದೆ. ಅದು ಭಾರಿ ಗಾಯಕ್ಕೆ ಅಂತ ಇಟ್ಟಿದ್ದು. ಅದನ್ನು ಮಗುವಿನ ಕೈಗೆ ಸಿಗದ ಹಾಗೆ ಮೊದಲು ತೆಗೆದುಬಿಡಿ. 2013ರಲ್ಲಿ ಹಾಂಗ್‌ಕಾಂಗ್‌ನವರು ಈ ಮದ್ದನ್ನು ಪರೀಕ್ಷಿಸಿದಾಗ, ಲೇಬಲ್‌ನಲ್ಲಿ ಹೇಳದ ಅಕೋನೈಟ್ ವಿಷದ ಅಂಶ ಸಿಕ್ಕಿ ಅಂಗಡಿಗಳಿಂದ ವಾಪಸ್ ತೆಗೆಸಿದರು. ಅಕೋನೈಟ್ ಅಂದರೆ ನಮ್ಮ ಆಯುರ್ವೇದದ ವತ್ಸನಾಭಿಯ ಕುಲವೇ. ಜಾಸ್ತಿಯಾದರೆ ಬಾಯಿ ಜೋಮು ಹಿಡಿಯುತ್ತದೆ, ಎದೆಬಡಿತ ತಾಳ ತಪ್ಪುತ್ತದೆ. ಬಸುರಿಯರಂತೂ ಇದನ್ನು ಮುಟ್ಟಲೇಬಾರದು.

ಹಾಗಾದರೆ ಪುಡಿ ಯಾವಾಗ? ತರಕಾರಿ ಹೆಚ್ಚುವಾಗ ಬೆರಳು ಸ್ವಲ್ಪ ಕೊಯ್ದರೆ, ತೊಳೆದು, ಒತ್ತಿ ಹಿಡಿದು, ಆಮೇಲೂ ಜಿನುಗುತ್ತಿದ್ದರೆ ಒಂದು ಚಿಟಿಕೆ ಉದುರಿಸಿ. ಆಳದ ಗಾಯಕ್ಕೆ ಹಾಕಬೇಡಿ. ಹೊಲಿಗೆ ಹಾಕುವ ಮೊದಲು ಡಾಕ್ಟರ್ ಅದನ್ನೆಲ್ಲ ತೊಳೆಯಬೇಕಾಗುತ್ತದೆ, ಅಷ್ಟೇ. ಅಂಥ ಗಾಯವನ್ನು ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ.

ಟೈಗರ್ ಬಾಮ್ ಬಗ್ಗೆ ಹೇಳೋದೇನಿಲ್ಲ, ಕರ್ಪೂರ, ಮೆಂಥಾಲ್, ಲವಂಗದೆಣ್ಣೆ. ಹುಲಿ ಬರೀ ಡಬ್ಬಿಯ ಮೇಲೆ. ಆದರೆ ಬಿಳಿ ಹೂವಿನ ಚಿತ್ರವಿರುವ ಆ ಸಣ್ಣ ಎಣ್ಣೆ ಬಾಟಲಿಯನ್ನು ಬೀಗ ಹಾಕಿ ಇಡಿ. ಅದರಲ್ಲಿ ವಿಂಟರ್‌ಗ್ರೀನ್ ಎಂಬ, ನೋವಿಗೆ ಹಚ್ಚುವ ಗಿಡದೆಣ್ಣೆ ಇದೆ. ಶುದ್ಧ ವಿಂಟರ್‌ಗ್ರೀನ್ 5 ಮಿಲಿ ಹೊಟ್ಟೆಗೆ ಹೋದರೆ 20 ಆಸ್ಪಿರಿನ್ ಮಾತ್ರೆ ನುಂಗಿದ ಹಾಗೆ. ಕರ್ಪೂರ ನುಂಗಿದ ಮಗುವಿಗೆ ಫಿಟ್ಸ್ ಬರಬಹುದು. ಮಗುವಿಗೆ ಹಚ್ಚೋದೂ ಬೇಡ. ಮನೆಯಲ್ಲಿ ಯಾರಾದರೂ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತಗೊಳ್ತಿದ್ದರೆ ಅವರೂ ದೂರವಿರಲಿ.

ಸುಟ್ಟ ಗಾಯದ ಆ ಕೆಂಪು ಮುಲಾಮು, ಜಿಂಗ್ ವಾನ್ ಹಾಂಗ್, ಇಟ್ಟುಕೊಳ್ಳಿ. ಆದರೆ ಮೊದಲು 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಬೇಕು. ಬೊಬ್ಬೆ ಎದ್ದಿದ್ದರೆ ಮುಲಾಮು ಹಚ್ಚದೆ ಡಾಕ್ಟರಿಗೆ ತೋರಿಸಿ.

ಇನ್ನು ನುಂಗುವ ಮದ್ದು. ಹೊಟ್ಟೆ ಕೆಟ್ಟಾಗ ಕುಡಿಯುವ ಹುವೊಶಿಯಾಂಗ್ ಝೆಂಗ್‌ಚಿಯಲ್ಲಿ ಇರೋದು ನಮ್ಮ ಪಚ್ಚೆತೆನೆಯ ಹತ್ತಿರದ ಸಂಬಂಧಿ. ವಾಸನೆ ನೋಡಿದರೆ ನಿಮಗೂ ಗೊತ್ತಾಗುತ್ತದೆ. ಆದರೆ ಅದರ ಒಂದು ಬಗೆಯಲ್ಲಿ ಸುಮಾರು ಅರ್ಧದಷ್ಟು ಆಲ್ಕೋಹಾಲ್! ಮಗುವಿಗೆ ಓಆರ್‌ಎಸ್ ಸಾಕು, ಅಲ್ವಾ?

ನೆಗಡಿಗೆ ಕೊಡುವ ವಿಟಮಿನ್ ಸಿ ಯಿನ್‌ಚಿಯಾವ್ ಮಾತ್ರೆ ಇನ್ನೊಂದು ಕಥೆ. ಗಿಡಮೂಲಿಕೆ ಅಂದುಕೊಂಡು ನುಂಗುತ್ತೀರಿ, ಒಳಗೆ ಪ್ಯಾರಾಸಿಟಮಾಲ್ ಕೂಡ ಇರುತ್ತದೆ. ಅದರ ಮೇಲೆ ಒಂದು ಡೋಲೋ ಹಾಕಿದರೆ ಡೋಸ್ ಎರಡಾಯಿತು. ಚೀನಾದ ಪ್ಯಾಕೆಟ್‌ನ ಮೇಲೆ ಝೆಡ್ ಅಕ್ಷರದ ನಂತರ 8 ಅಂಕಿ ಇದ್ದರೆ ಅಲ್ಲಿನ ಸಾಂಪ್ರದಾಯಿಕ ಔಷಧಿ ಅಂತ ಪರವಾನಗಿ ಇದೆ ಎಂದರ್ಥ. ಈ ಮಾತ್ರೆಗೂ ಅದೇ ಝೆಡ್ ಇದೆ. ಹಾಗಾಗಿ ಅದನ್ನು ನೋಡಿ ಸುಮ್ನೆ ನಂಬಬೇಡಿ.

ಚೀಲದಲ್ಲಿ ಉಳಿದ ಪ್ಯಾಕೆಟ್‌ಗಳ ಹಿಂಬದಿಯ ಫೋಟೋ ಇಲ್ಲೇ ಹಾಕಿ, ಅಕ್ಷರ ಕಾಣುವ ಹಾಗೆ. ಚೀನೀ ಓದಲು ಬರುವ ಪಕ್ಕದ ಮನೆಯವರಿಗೆ ತೋರಿಸಿ ಏನೇನಿದೆ ಅಂತ ಬರೆಯುತ್ತೇನೆ.